ಉಳಿಸು ಪಕ್ಕದಲ್ಲೇ ಅಳಿಸು: ಅಂಗಡಿ ಪ್ರೋಗ್ರಾಮ್‌ನಲ್ಲಿ ಬಟನ್ ಹೇಗೆ ಜೋಡಿಸೋದು?

ಜೋಳದಚೀಲ · ದಾವಣಗೆರೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ಇಲ್ಲಿನ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮ ಚಿಕ್ಕಪ್ಪನ ದಲ್ಲಾಳಿ ಅಂಗಡಿ ಇದೆ. ಮೆಕ್ಕೆಜೋಳವೇ ಜಾಸ್ತಿ. ಸುಗ್ಗಿ ಶುರುವಾದರೆ ಬೆಳಗಿನಿಂದ ಚೀಲ ಇಳಿಯುತ್ತಲೇ ಇರುತ್ತವೆ. ಇಷ್ಟು ವರ್ಷ ಎಲ್ಲಾ ಕೈಬರಹದ ಚೀಟಿ. ಈ ಸಲ ನಾನೇ ಪೈಥಾನ್‌ನಲ್ಲಿ, ಟಿಕಿಂಟರ್ (ವಿಂಡೋ, ಬಟನ್ ಮಾಡಲು ಪೈಥಾನ್ ಜೊತೆ ಬರುವ ಸಲಕರಣೆ) ಬಳಸಿ, ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಟ್ಟೆ. ರೈತರ ಹೆಸರು, ಊರು, ಚೀಲ, ತೂಕ, ದರ ತುಂಬಿದರೆ ಸಾಕು, ಚೀಟಿ ಪ್ರಿಂಟ್ ಆಗುತ್ತದೆ.

ಕೆಳಗೆ ಒಂದೇ ಸಾಲಿನಲ್ಲಿ 11 ಬಟನ್ ಇಟ್ಟಿದ್ದೇನೆ. ಹೊಸ ಚೀಟಿ, ಉಳಿಸು, ಅಳಿಸು, ತಿದ್ದು, ಮುದ್ರಿಸು, ಹುಡುಕು, ಹಿಂದೆ, ಮುಂದೆ, ವರದಿ, ಬ್ಯಾಕಪ್, ಮುಚ್ಚು. ಎಲ್ಲಕ್ಕೂ ಪ್ಲೇಸ್ ಬಳಸಿದ್ದೇನೆ. ಅಂದರೆ ಎಡದಿಂದ ಎಷ್ಟು ಪಿಕ್ಸೆಲ್, ಮೇಲಿನಿಂದ ಎಷ್ಟು ಪಿಕ್ಸೆಲ್, ಅಗಲ-ಎತ್ತರ ಎಷ್ಟು ಪಿಕ್ಸೆಲ್ ಅಂತ ಒಂದೊಂದಕ್ಕೂ ಕೈಯಿಂದ ಕೊಟ್ಟಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಅಂಗಡಿಯ ಕಂಪ್ಯೂಟರ್‌ನಲ್ಲಿ ಎರಡು ತೊಂದರೆ ಆಯಿತು. ಒಂದು, ಅಲ್ಲಿ ವಿಂಡೋಸ್‌ನ ಅಳತೆ 125 ಪರ್ಸೆಂಟ್‌ಗೆ ಇದೆ. ಅಕ್ಷರ ಮಸುಕಾಗಿ ಕಂಡಿತು ಅಂತ ಡಿಪಿಐ ಅವೇರ್‌ನೆಸ್ (ಪರದೆಯ ಅಳತೆ ನೋಡಿ ಪ್ರೋಗ್ರಾಮ್ ತಾನೇ ಹೊಂದಿಕೊಳ್ಳುವ ವ್ಯವಸ್ಥೆ) ಆನ್ ಮಾಡಿದೆ. ಆಗ ಅಕ್ಷರ ದೊಡ್ಡದಾಯಿತು, ಬಟನ್ ಮಾತ್ರ ಇದ್ದ ಹಾಗೇ ಉಳಿಯಿತು. ‘ಮುದ್ರಿಸು’ ಪದದ ರ ಒತ್ತು ಅರ್ಧ ಕತ್ತರಿಸಿಹೋಗಿದೆ.

ಎರಡನೆಯದು ನನಗೆ ನಿಜವಾಗಿ ನೋವಾದ ವಿಷಯ. ಕಳೆದ ಸೋಮವಾರ ಗುಮಾಸ್ತರು ಉಳಿಸು ಒತ್ತಲು ಹೋಗಿ ಅಳಿಸು ಒತ್ತಿದರು. ‘ಖಂಡಿತಾ?’ ಅಂತ ಕೇಳುವ ಡಬ್ಬಿ ಬರುವ ಹಾಗೆ ಬರೆದಿದ್ದೆ. ಅದನ್ನೂ ಅಭ್ಯಾಸಬಲದಿಂದ ಎಂಟರ್ ಹೊಡೆದು ದಾಟಿಬಿಟ್ಟರು. ಜಗಳೂರು ಕಡೆಯ ಒಬ್ಬ ರೈತರ 42 ಚೀಲದ ಚೀಟಿ ಹೋಯಿತು. ತೂಕದವರ ನೋಟ್‌ಬುಕ್ ಹುಡುಕಿ ಮತ್ತೆ ತುಂಬಿದೆವು. ಆ ರೈತರು ಒಂದು ಗಂಟೆ ಸುಮ್ನೆ ಕಾಯಬೇಕಾಯಿತು. ಗುಮಾಸ್ತರು ಈಗ ಮೌಸ್ ಮುಟ್ಟಲೂ ಹೆದರುತ್ತಾರೆ.

ಬಟನ್‌ಗಳನ್ನು ಯಾವ ಕ್ರಮದಲ್ಲಿ, ಯಾವ ರೀತಿ ಜೋಡಿಸಬೇಕು? ತಿಳಿದವರು ಹೇಳಿ.

---

ಏಳುಸುತ್ತು · ಚಿತ್ರದುರ್ಗ · ಭಾನುವಾರ ರಾತ್ರಿ 10:25

ಮೊದಲು ಪ್ಲೇಸ್ ಬಿಡಿ. ಮೊದಲ ತೊಂದರೆಗೆ ಅದೇ ಕಾರಣ.

ಟಿಕಿಂಟರ್‌ನಲ್ಲಿ ಬಟನ್ ಕೂರಿಸಲು ಮೂರು ದಾರಿ ಇವೆ. ಪ್ಲೇಸ್, ಪ್ಯಾಕ್, ಗ್ರಿಡ್. ಪ್ಲೇಸ್‌ನಲ್ಲಿ ನೀವು ಕೊಟ್ಟ ಅಂಕಿಯೇ ಕೊನೆಯ ಮಾತು. ಅಕ್ಷರ ಬೆಳೆದರೂ ಜಾಗ ಬೆಳೆಯುವುದಿಲ್ಲ. ಫಾಂಟ್ ಅಳತೆ ಪಾಯಿಂಟ್‌ನಲ್ಲಿ ಇರುತ್ತದೆ. ಪರದೆಯ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಹೆಚ್ಚಾದರೆ ಅದೂ ಹಿಗ್ಗುತ್ತದೆ. ಪಿಕ್ಸೆಲ್ ಹಿಗ್ಗುವುದಿಲ್ಲ. ನಿಮ್ಮ ರ ಒತ್ತು ಕತ್ತರಿಸಿದ್ದು ಹೀಗೆ. ಪ್ಯಾಕ್ ಮತ್ತು ಗ್ರಿಡ್ ಹಾಗಲ್ಲ. ಅವು ಬಟನ್‌ನ ಒಳಗಿರುವ ಬರಹ ಎಷ್ಟು ಜಾಗ ಕೇಳುತ್ತದೆ ಅಂತ ನೋಡಿ ಆಮೇಲೆ ಕೂರಿಸುತ್ತವೆ.

ನಿಮ್ಮ ಕೆಲಸಕ್ಕೆ ಗ್ರಿಡ್ ಸರಿ. ಬಟನ್‌ಗಳಿಗೇ ಅಂತ ಒಂದು ಫ್ರೇಮ್ (ಬಟನ್‌ಗಳನ್ನು ಒಟ್ಟಿಗೆ ಹಿಡಿಯುವ ಪಾತ್ರೆ) ಮಾಡಿ. ಅದರಲ್ಲಿ ಸಾಲು 0, ಕಾಲಂ 0, 1, 2 ಅಂತ ಕೊಡುತ್ತಾ ಹೋಗಿ. ಸ್ಟಿಕಿ ಎಂಬ ಆಯ್ಕೆಗೆ ಪೂರ್ವ-ಪಶ್ಚಿಮ ಎರಡೂ ಕೊಟ್ಟರೆ ಬಟನ್ ತನ್ನ ಕಾಲಂನ ಅಗಲಕ್ಕೆ ಹರಡಿಕೊಳ್ಳುತ್ತದೆ. ಎಲ್ಲಾ ಬಟನ್ ಒಂದೇ ಅಗಲ ಬೇಕಾದರೆ ಕಾಲಂ ಕಾನ್ಫಿಗರ್‌ನಲ್ಲಿ ಯೂನಿಫಾರ್ಮ್ ಎಂಬ ಆಯ್ಕೆ ಇದೆ. ಬೇಕಾದ ಕಾಲಂಗಳಿಗೆಲ್ಲಾ ಒಂದೇ ಗುಂಪಿನ ಹೆಸರು ಕೊಡಿ. ಅತಿ ಉದ್ದದ ಪದ ಯಾವುದೋ ಅದರ ಅಗಲಕ್ಕೆ ಉಳಿದವೂ ಬರುತ್ತವೆ.

ಈಗ ಎರಡನೇ ತೊಂದರೆ. ಉಳಿಸು, ಅಳಿಸು ಎರಡರ ನಡುವೆ ಒಂದು ಖಾಲಿ ಕಾಲಂ ಬಿಡಿ. ಅದಕ್ಕೆ ವೆಯ್ಟ್ 1 ಕೊಡಿ, ಉಳಿದವಕ್ಕೆ 0. ವಿಂಡೋದಲ್ಲಿ ಮಿಕ್ಕ ಜಾಗವನ್ನೆಲ್ಲಾ ಆ ಖಾಲಿ ಕಾಲಂ ನುಂಗುತ್ತದೆ. ದಿನದ ಕೆಲಸದ ಬಟನ್ ಎಡಕ್ಕೆ ಉಳಿಯುತ್ತವೆ, ಅಳಿಸು ಬಲ ತುದಿಗೆ ಹೋಗುತ್ತದೆ.

ನಮ್ಮ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮುಂದಿನದು ನೇರ ಎದುರಿಗೆ ಸಿಗುವುದಿಲ್ಲ. ಸುತ್ತಿ ತಿರುಗಿ ಹೋಗಬೇಕು. ಓಡಿ ಬಂದವನು ಅಲ್ಲಿ ನಿಲ್ಲಲೇಬೇಕು. ಅಳಿಸುವ ಬಟನ್‌ಗೂ ಅಂಥ ಒಂದು ತಿರುವು ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ‘ಖಂಡಿತಾ?’ ಡಬ್ಬಿಯಲ್ಲಿ ಎಂಟರ್ ಒತ್ತಿದರೆ ಹೌದು ಅಂತಾಗುವುದು ಬೇಡ. ಟಿಕಿಂಟರ್‌ನ ಮೆಸೇಜ್‌ಬಾಕ್ಸ್‌ನಲ್ಲಿ ಡೀಫಾಲ್ಟ್ ಅನ್ನು ‘ನೋ’ಗೆ ಇಡಬಹುದು. ಒಂದು ಪದ ಸೇರಿಸಿದರೆ ಆಯಿತು. ಇವತ್ತೇ ಮಾಡಿ.

---

ಲೆಕ್ಕದಅಕ್ಕ · ದಾವಣಗೆರೆ · ಸೋಮವಾರ ಬೆಳಗ್ಗೆ 7:15

ನಾನು ಪ್ರೋಗ್ರಾಮ್ ಬರೆಯುವವಳಲ್ಲ. 14 ವರ್ಷದಿಂದ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ, ಅದರಲ್ಲಿ ಜಾಸ್ತಿ ಕಂಪ್ಯೂಟರ್‌ನಲ್ಲೇ. ಬಟನ್ ಒತ್ತುವ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ನಿಮ್ಮ ಪಟ್ಟಿ ಓದಿದ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ಉಳಿಸು, ಅಳಿಸು. ಮೊದಲ ಅಕ್ಷರ ಬಿಟ್ಟರೆ ಉಳಿದದ್ದೆಲ್ಲಾ ಒಂದೇ! ಇಂಗ್ಲಿಷ್‌ನಲ್ಲಿ ಸೇವ್, ಡಿಲೀಟ್ ಅಂತ ಬರೆದರೆ ಎರಡೂ ಬೇರೆ ಬೇರೆ ಆಕಾರ. ಓದುವುದೇ ಬೇಡ, ದೂರದಿಂದಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಈ ಎರಡು ಪದ ಅವಳಿ ಮಕ್ಕಳ ಹಾಗೆ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ, ಬೆಳಗ್ಗೆ ಐದಕ್ಕೆ ಎದ್ದು ಬಂದ ಕಣ್ಣಿಗೆ ಉ ಮತ್ತು ಅ ಒಂದೇ ಥರ ಕಾಣುತ್ತದೆ. ತಪ್ಪು ಗುಮಾಸ್ತರದ್ದಲ್ಲ, ದಯವಿಟ್ಟು ಅವರಿಗೆ ಹೀಗಂತ ಹೇಳಿ.

ದೂರ ಇಟ್ಟರೆ ಸಾಲದು, ಪದವನ್ನೇ ಬದಲಾಯಿಸಿ. ಉಳಿಸು ಇರಲಿ. ಅಳಿಸು ಬದಲು ‘ತೆಗೆದುಹಾಕು’ ಅನ್ನಿ. ಆಕಾರ, ಉದ್ದ ಎರಡೂ ಬೇರೆ ಆಗುತ್ತದೆ.

ಇನ್ನು ಕ್ರಮ. ಸಂಜೆ ಮಂಡಕ್ಕಿ ಅಂಗಡಿ ಮುಂದೆ ನಿಂತು ನೋಡಿ. ಕಲಸುವವರ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಮಂಡಕ್ಕಿ, ಈರುಳ್ಳಿ, ಖಾರ, ನಿಂಬೆಹಣ್ಣು, ಕಾಗದ. ಕೆಲಸ ಯಾವ ಸರದಿಯಲ್ಲಿ ಬರುತ್ತದೋ ಡಬ್ಬಿಗಳೂ ಅದೇ ಸರದಿಯಲ್ಲಿ ಕೈಗೆ ಸಿಗುತ್ತವೆ. ನಿಮ್ಮ ಗುಮಾಸ್ತರ ಕೆಲಸದ ಸರದಿ ಏನು? ಹೊಸ ಚೀಟಿ, ತುಂಬುವುದು, ಉಳಿಸು, ಮುದ್ರಿಸು. ಮತ್ತೆ ಹೊಸ ಚೀಟಿ. ಇಡೀ ದಿನ ಇದೇ ಚಕ್ರ. ಹಾಗಿದ್ದರೆ ಈ ಮೂರು ಬಟನ್ ಒಟ್ಟಿಗೆ, ದೊಡ್ಡದಾಗಿ ಇರಬೇಕಲ್ವಾ? ವರದಿ, ಬ್ಯಾಕಪ್ ದಿನಕ್ಕೆ ಒಂದು ಸಲ. ಅವು ಯಾಕೆ ಅದೇ ಸಾಲಲ್ಲಿ ನಿಂತಿವೆ?

ಒಂದು ಕೆಲಸ ಮಾಡಿ. ಹನ್ನೊಂದು ಬಟನ್‌ಗೂ ಹನ್ನೊಂದು ಕಾಗದದ ಚೂರು ಕತ್ತರಿಸಿ ಹೆಸರು ಬರೆಯಿರಿ. ಒಂದು ರಟ್ಟಿನ ಮೇಲೆ ಪರದೆಯ ಚೌಕ ಬರೆಯಿರಿ. ಗುಮಾಸ್ತರ ಮುಂದೆ ಇಟ್ಟು, ‘ನಿಮಗೆ ಹೇಗೆ ಬೇಕೋ ಹಾಗೆ ಇಡಿ’ ಅನ್ನಿ. ನೀವು ಬಾಯಿ ಬಿಡಬೇಡಿ, ಸುಮ್ನೆ ನೋಡಿ.

ಕೀಲಿಮಣೆಯನ್ನೂ ಮರೆಯಬೇಡಿ. ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಮ್‌ನಲ್ಲಿ ಪಳಗಿದವರು ಮೌಸ್ ಮುಟ್ಟುವುದೇ ಕಡಿಮೆ. ಎಫ್8 ಮಾರಾಟ, ಎಫ್9 ಖರೀದಿ ಅಂತ ಬೆರಳಿಗೇ ಗೊತ್ತಿರುತ್ತದೆ. ಆಲ್ಟ್ ಜೊತೆ ಅಕ್ಷರ ಇಡಬೇಡಿ. ಹೆಸರು ತುಂಬುವಾಗ ಕೀಲಿಮಣೆ ಕನ್ನಡಕ್ಕೆ ತಿರುಗಿರುತ್ತದೆ, ದರ ತುಂಬುವಾಗ ಇಂಗ್ಲಿಷ್‌ಗೆ. ಯಾವ ಅಕ್ಷರ ಎಲ್ಲಿದೆ ಅಂತ ನೆನಪಿಡುವುದು ಕಷ್ಟ. ಎಫ್ ಕೀಗಳು ಎರಡರಲ್ಲೂ ಒಂದೇ.

---

ಜೋಳದಚೀಲ · ಸೋಮವಾರ ರಾತ್ರಿ 8:50

ಅಕ್ಕಾ, ಉಳಿಸು-ಅಳಿಸು ವಿಷಯ ನನಗೆ ಹೊಳೆದೇ ಇರಲಿಲ್ಲ. ಬರೆಯುವಾಗ ಎರಡಕ್ಕೂ ಇಂಗ್ಲಿಷ್ ಹೆಸರು ಇತ್ತು. ಕೊನೆಯ ದಿನ ಕನ್ನಡಕ್ಕೆ ತಿರುಗಿಸಿದೆ. ಜಾಗ ಹಾಗೇ ಬಿಟ್ಟೆ. ಗುಮಾಸ್ತರಿಗೆ ಇವತ್ತು ಹೇಳಿದೆ. ಅವರ ಮುಖ ಸ್ವಲ್ಪ ಹಗುರಾಯಿತು.

ಏಳುಸುತ್ತು ಅವರೇ, ಡೀಫಾಲ್ಟ್ ಬದಲಾಯಿಸಿದೆ. ಗ್ರಿಡ್ ಶುರು ಮಾಡಿದೆ, ಎಡವಿದೆ. ಚೀಟಿಗಳ ಪಟ್ಟಿ ತೋರಿಸುವ ಟೇಬಲ್‌ಗೆ ಮೊದಲೇ ಪ್ಯಾಕ್ ಬಳಸಿದ್ದೆ. ಅದೇ ವಿಂಡೋದಲ್ಲಿ ಬಟನ್‌ಗೆ ಗ್ರಿಡ್ ಕೊಟ್ಟ ತಕ್ಷಣ ಎರರ್ ಬಂತು. ಆಮೇಲೆ ಬಟನ್‌ಗೂ ಪ್ಯಾಕ್ ಕೊಟ್ಟು ನೋಡಿದೆ. ವಿಂಡೋ ಚಿಕ್ಕದು ಮಾಡಿದರೆ ಬಟನ್ ಸಾಲೇ ಮಾಯ! ಟೇಬಲ್ ಮಾತ್ರ ಪೂರ್ತಿ ಕಾಣುತ್ತದೆ.

---

ಏಳುಸುತ್ತು · ಸೋಮವಾರ ರಾತ್ರಿ 9:30

ಎರಡೂ ಎಲ್ಲರಿಗೂ ಆಗುವಂಥವೇ.

ಒಂದೇ ಪಾತ್ರೆಯಲ್ಲಿ ಪ್ಯಾಕ್, ಗ್ರಿಡ್ ಎರಡನ್ನೂ ಬೆರೆಸಬಾರದು. ಈಗಿನ ಟಿಕೆ (ಟಿಕಿಂಟರ್‌ನ ಒಳಗಿರುವ ಮೂಲ ಸಲಕರಣೆ) ಎರರ್ ಕೊಟ್ಟು ತಡೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಎರಡೂ ಜಾಗಕ್ಕೆ ಕಿತ್ತಾಡಿ ಪ್ರೋಗ್ರಾಮ್ ಅಲ್ಲೇ ನಿಂತುಬಿಡುತ್ತಿತ್ತು. ಬೇರೆ ಬೇರೆ ಫ್ರೇಮ್‌ನಲ್ಲಿ ಬೇರೆ ಬೇರೆ ಬಳಸಬಹುದು. ಹೊರಗಿನ ವಿಂಡೋಗೆ ಪ್ಯಾಕ್, ಬಟನ್ ಫ್ರೇಮ್‌ನ ಒಳಗೆ ಗ್ರಿಡ್. ಹೀಗೆ ಮಾಡಿ.

ಬಟನ್ ಮಾಯವಾಗುವುದಕ್ಕೆ ಕಾರಣ ಸರದಿ. ಪ್ಯಾಕ್ ಜಾಗ ಹಂಚುವುದು ನೀವು ಬರೆದ ಕ್ರಮದಲ್ಲಿ. ಮೊದಲು ಬಂದವರಿಗೆ ಮೊದಲು, ಕೊನೆಗೆ ಬಂದವರಿಗೆ ಉಳಿದಷ್ಟು. ನೀವು ಟೇಬಲ್ ಮೊದಲು ಕೂರಿಸಿ ಬಟನ್ ಕೊನೆಗೆ ಕೂರಿಸಿದ್ದೀರಿ. ತಿರುಗಿಸಿ ಬರೆಯಿರಿ. ಬಟನ್ ಫ್ರೇಮ್ ಮೊದಲು, ಸೈಡ್ ಬಾಟಮ್. ಆಮೇಲೆ ಟೇಬಲ್, ಎಕ್ಸ್‌ಪ್ಯಾಂಡ್ ಆನ್. ಈಗ ವಿಂಡೋ ಕುಗ್ಗಿದರೆ ಟೇಬಲ್ ಕುಗ್ಗುತ್ತದೆ, ಬಟನ್ ಉಳಿಯುತ್ತದೆ.

ಒಂದು ಎಚ್ಚರಿಕೆ. ಟ್ಯಾಬ್ ಕೀ ಒತ್ತಿದಾಗ ಗಮನ ಯಾವ ಬಟನ್‌ಗೆ ಹೋಗುತ್ತದೆ ಅನ್ನುವುದು ಪರದೆಯ ಮೇಲಿನ ಜಾಗ ನೋಡಿ ಅಲ್ಲ, ನೀವು ಸೃಷ್ಟಿಸಿದ ಕ್ರಮ ನೋಡಿ. ಹಾಗಾಗಿ ತುಂಬುವ ಜಾಗಗಳನ್ನು ಮೊದಲು ಸೃಷ್ಟಿಸಿ, ಬಟನ್ ಆಮೇಲೆ. ಪ್ಯಾಕ್ ಮಾಡುವ ಸರದಿ ಬೇರೆ, ಸೃಷ್ಟಿಸುವ ಸರದಿ ಬೇರೆ. ಮತ್ತೆ ಟಿಕಿಂಟರ್‌ನಲ್ಲಿ ಗಮನ ಬಟನ್ ಮೇಲಿದ್ದರೆ ಸ್ಪೇಸ್ ಕೆಲಸ ಮಾಡುತ್ತದೆ, ಎಂಟರ್ ತಾನಾಗಿ ಮಾಡುವುದಿಲ್ಲ. ಅದನ್ನು ನೀವೇ ಬೈಂಡ್ ಮಾಡಬೇಕು, ಅಂದರೆ ಆ ಕೀಯನ್ನು ಬಟನ್‌ನ ಕೆಲಸಕ್ಕೆ ಜೋಡಿಸಬೇಕು.

---

ಎಣ್ಣೆಗಾಣ · ಚಳ್ಳಕೆರೆ · ಮಂಗಳವಾರ ಮಧ್ಯಾಹ್ನ 2:10

ನಾನು ವಿಷುಯಲ್ ಬೇಸಿಕ್ 6 ಕಾಲದವನು. 1998ರಲ್ಲಿ ಬಂದ ಆ ಉಪಕರಣದಲ್ಲಿ ಇಲ್ಲಿನ ಎಣ್ಣೆ ಮಿಲ್‌ಗಳಿಗೆ, ಶೇಂಗಾ ವ್ಯಾಪಾರದವರಿಗೆ ಎಷ್ಟೋ ಪ್ರೋಗ್ರಾಮ್ ಬರೆದುಕೊಟ್ಟೆ. ಅಲ್ಲಿ ಎಲ್ಲಾ ಎಳೆದು ಬಿಡುವುದೇ. ಬಟನ್ ಎಲ್ಲಿ ಬಿಟ್ಟೆಯೋ ಅಲ್ಲೇ. ಅಳತೆ ಟ್ವಿಪ್ ಲೆಕ್ಕದಲ್ಲಿ, ಇಂಚಿಗೆ 1440. ಪರದೆ ಬದಲಾದರೆ ಕಷ್ಟ ಅಂತ ಗೊತ್ತಿತ್ತು, ಆದರೆ ಆಗ ಹೆಚ್ಚಿನವರ ಹತ್ತಿರ ಒಂದೇ ಥರದ ಮಾನಿಟರ್ ಇದ್ದವು. ನಡೆದುಹೋಯಿತು.

ಕನ್ನಡ ಬಟನ್ ಇನ್ನೊಂದು ಕಥೆ. ವಿಷುಯಲ್ ಬೇಸಿಕ್‌ನ ಸ್ವಂತ ಬಟನ್‌ಗಳಿಗೆ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ತಿಳಿಯುತ್ತಿರಲಿಲ್ಲ. ನುಡಿ ಅಥವಾ ಬರಹ ಫಾಂಟ್ ಹಾಕಿ, ಒಳಗೆ ಬೇರೆ ಅಕ್ಷರ ತುಂಬಿ ಹೊರಗೆ ಕನ್ನಡ ಕಾಣುವಂತೆ ಮಾಡುತ್ತಿದ್ದೆವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದರೆ ಎಲ್ಲಾ ಬಟನ್ ಮೇಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆಗ ಜನ ಹೇಗೆ ಕೆಲಸ ಮಾಡಿದರು ಗೊತ್ತಾ? ಜಾಗ ನೋಡಿ. ‘ಎಡದಿಂದ ಎರಡನೆಯದು ಉಳಿಸೋದು’ ಅಂತ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಮಿಲ್ ಗುಮಾಸ್ತರಿಗೆ ಓದಲು ಬರುತ್ತಿತ್ತು, ಆದರೂ ಓದುತ್ತಿರಲಿಲ್ಲ. ಕೈ ಜಾಗಕ್ಕೆ ಹೋಗುತ್ತಿತ್ತು. ಆದ್ದರಿಂದ ಒಂದು ಸಲ ಜಾಗ ಗೊತ್ತು ಮಾಡಿದ ಮೇಲೆ ತಿಂಗಳಿಗೊಮ್ಮೆ ಬದಲಾಯಿಸಬೇಡ ತಮ್ಮಾ. ಒಂದು ಸಲ ಬದಲಾಯಿಸು, ಚೆನ್ನಾಗಿ ಯೋಚಿಸಿ ಬದಲಾಯಿಸು.

ಈಗ ನನ್ನ ಮುಖ್ಯ ಮಾತು. ಏಳುಸುತ್ತು ಅವರು ದೂರ ಇಡಿ ಅಂದರು, ಅಕ್ಕ ಪದ ಬದಲಾಯಿಸಿ ಅಂದರು. ನಾನು ಹೇಳುವುದು, ಆ ಬಟನ್ ಇರುವುದೇ ಬೇಡ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಯಾರಾದರೂ ಹಾಳೆ ಹರಿಯುತ್ತಾರಾ? ಒಂದು ಗೆರೆ ಎಳೆದು ಪಕ್ಕದಲ್ಲಿ ‘ರದ್ದು’ ಅಂತ ಬರೆದು ಸಹಿ ಹಾಕುತ್ತಾರೆ. ಹಳೆಯದು ಓದಲು ಸಿಗುತ್ತದೆ. ನಿನ್ನ ಪ್ರೋಗ್ರಾಮ್‌ನಲ್ಲೂ ‘ಚೀಟಿ ರದ್ದು’ ಇರಲಿ. ಟೇಬಲ್‌ನಲ್ಲಿ ಒಂದು ಕಾಲಂ ಸೇರಿಸಿ ಗುರುತು ಹಾಕು. ಸಾಲನ್ನು ಅಳಿಸಬೇಡ. ಬೇಕಾದರೆ ರದ್ದನ್ನು ವಾಪಸ್ ತೆಗೆಯಬಹುದು. 42 ಚೀಲದ ಚೀಟಿ ಹೋದರೂ ಒಂದು ಕ್ಲಿಕ್‌ನಲ್ಲಿ ಸಿಗುತ್ತಿತ್ತು.

ಇದರಿಂದಲೇ ಇನ್ನೊಂದು ಗೊಂದಲ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕ್ಯಾನ್ಸಲ್ ಬಟನ್‌ಗೆ ಎಲ್ಲರೂ ಕನ್ನಡದಲ್ಲಿ ‘ರದ್ದು’ ಅಂತಲೇ ಬರೆಯುತ್ತಾರೆ. ಮಂಡಿಯಲ್ಲಿ ರದ್ದು ಅಂದರೆ ಚೀಟಿಯೇ ರದ್ದು! ತಿದ್ದುವ ಡಬ್ಬಿಯಿಂದ ಹೊರಬರಲು ‘ರದ್ದು’ ಒತ್ತಿ ಅಂದರೆ ಗುಮಾಸ್ತರು ಒತ್ತುವುದೇ ಇಲ್ಲ. ಅಲ್ಲಿ ‘ಬೇಡ’ ಅಂತ ಬರಿ. ಇಲ್ಲವೇ ‘ಹಾಗೇ ಬಿಡು’.

---

ಪಾಠದಕೊಠಡಿ · ದಾವಣಗೆರೆ · ಮಂಗಳವಾರ ರಾತ್ರಿ 8:05

ಎಣ್ಣೆಗಾಣ ಅವರ ಮಾತು ಪೂರ್ತಿ ಒಪ್ಪುತ್ತೇನೆ. ನಾನು ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಅಕ್ಕ ಹೇಳಿದ ‘ದೊಡ್ಡದಾಗಿ, ಹತ್ತಿರ’ ಅನ್ನುವುದಕ್ಕೆ ಹಿಂದೆ ಒಂದು ಅಳತೆಯೂ ಇದೆ.

1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಜನರ ಕೈಗೆ ಒಂದು ಕಡ್ಡಿ ಕೊಟ್ಟು ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೆ ಒಂದು ಬೇಗ ಬೇಗ ತಟ್ಟಲು ಹೇಳಿದರು. ಪಟ್ಟಿ ದೂರ ಇದ್ದಷ್ಟೂ, ಕಿರಿದಾದಷ್ಟೂ ಸಮಯ ಹೆಚ್ಚು ಬೇಕಾಯಿತು. ಆಗ ಮೌಸ್ ಅನ್ನುವುದೇ ಇರಲಿಲ್ಲ. ಆದರೂ ಈಗ ಮೌಸ್‌ಗೆ ಅದೇ ನಿಯಮ ಚೆನ್ನಾಗಿ ಹೊಂದುತ್ತದೆ. ಪದೇ ಪದೇ ಒತ್ತುವುದು ದೊಡ್ಡದಿರಲಿ, ಕೈ ಈಗಾಗಲೇ ಇರುವ ಜಾಗದ ಹತ್ತಿರ ಇರಲಿ. ಅಪರೂಪಕ್ಕೆ ಒತ್ತುವುದು ದೂರ ಇರಲಿ, ಚಿಕ್ಕದಿದ್ದರೂ ನಡೆಯುತ್ತದೆ.

ಏಳುಸುತ್ತು ಅವರಿಗೆ ಒಂದು ಭಿನ್ನಾಭಿಪ್ರಾಯ. ಅಪಾಯದ ಬಟನ್ ‘ಬಲ ತುದಿಗೆ’ ಅಂದಿರಿ. ನಾನು ಅಲ್ಲಿ ಇಡುವುದಿಲ್ಲ. ವಿಂಡೋಸ್‌ನ ಡಬ್ಬಿಗಳಲ್ಲಿ ಓಕೆ, ಕ್ಯಾನ್ಸಲ್ ಎರಡೂ ಬಲಕ್ಕೆ ಕೂರುತ್ತವೆ. ಓಕೆ ಮೊದಲು, ಕ್ಯಾನ್ಸಲ್ ಆಮೇಲೆ. ಮ್ಯಾಕ್ ಮತ್ತು ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ತಿರುಗುಮುರುಗು. ಕ್ಯಾನ್ಸಲ್ ಮೊದಲು, ಓಕೆ ಬಲ ತುದಿ. ಹೇಗೇ ನೋಡಿದರೂ ಬಲ ಕೆಳಮೂಲೆ ಅಂದರೆ ‘ಕೆಲಸ ಮುಗಿಸುವ ಜಾಗ’ ಅಂತ ಜನರ ಕೈ ಕಲಿತಿದೆ. ಅಲ್ಲಿ ತೆಗೆದುಹಾಕುವ ಬಟನ್ ಇಟ್ಟರೆ ಇನ್ನೊಂದು ಅಪಘಾತ. ದಿನದ ಕೆಲಸದ ಬಟನ್‌ಗಳನ್ನು ಬಲಕ್ಕೆ ತನ್ನಿ, ರದ್ದನ್ನು ಎಡ ತುದಿಗೆ ಕಳಿಸಿ. ಖಾಲಿ ಕಾಲಂನ ಉಪಾಯ ಹಾಗೇ ಇರಲಿ.

ಟಿಕಿಂಟರ್‌ನಂಥದೇ ಇನ್ನೊಂದು ಸಲಕರಣೆ ಕ್ಯೂಟಿ ಬಳಸುವವರಿಗೆ ಈ ತಲೆನೋವು ಸ್ವಲ್ಪ ಕಡಿಮೆ. ಅಲ್ಲಿ ಡೈಲಾಗ್ ಬಟನ್ ಬಾಕ್ಸ್ ಅಂತ ಒಂದಿದೆ. ಬಟನ್‌ಗೆ ಜಾಗ ಹೇಳಬೇಕಿಲ್ಲ, ಪಾತ್ರ ಹೇಳಿದರೆ ಸಾಕು. ಒಪ್ಪುವುದು, ಬಿಡುವುದು, ನಾಶ ಮಾಡುವುದು ಹೀಗೆ. ಯಾವ ವ್ಯವಸ್ಥೆಯಲ್ಲಿ ಓಡುತ್ತಿದೆಯೋ ಅದರ ಪದ್ಧತಿಯಂತೆ ಅದೇ ಜೋಡಿಸುತ್ತದೆ.

---

ಏಳುಸುತ್ತು · ಮಂಗಳವಾರ ರಾತ್ರಿ 8:40

ಎಡ ತುದಿ ಅನ್ನುವುದು ಸರಿ ಅನ್ನಿಸುತ್ತಿದೆ. ನಾನು ಖಾಲಿ ಜಾಗದ ಬಗ್ಗೆ ಮಾತ್ರ ಯೋಚಿಸಿದ್ದೆ, ಕೈಯ ಅಭ್ಯಾಸದ ಬಗ್ಗೆ ಅಲ್ಲ.

---

ಲೆಕ್ಕದಅಕ್ಕ · ಮಂಗಳವಾರ ರಾತ್ರಿ 9:20

ಮೇಷ್ಟ್ರೇ, ಬಲವೋ ಎಡವೋ ಅನ್ನುವುದಕ್ಕಿಂತ ಮುಂಚೆ ಇನ್ನೊಂದು ನೋಡಬೇಕು. ತುಂಬುವ ಕೊನೆಯ ಜಾಗ ಎಲ್ಲಿದೆ? ದರ ತುಂಬಿದ ಮೇಲೆ ಕಣ್ಣು ಅಲ್ಲೇ ನಿಂತಿರುತ್ತದೆ. ಉಳಿಸು ಬಟನ್ ಅದರ ಕೆಳಗೇ ಇದ್ದರೆ ಕಣ್ಣು ಹುಡುಕುವ ಕೆಲಸವೇ ಇಲ್ಲ. ದರ ಎಡಕ್ಕಿದ್ದು ಉಳಿಸು ಬಲ ಮೂಲೆಯಲ್ಲಿದ್ದರೆ ನಿಮ್ಮ ಫಿಟ್ಸ್ ಸಾಹೇಬರೂ ಒಪ್ಪುವುದಿಲ್ಲ ಅಲ್ವಾ?

---

ಪಾಠದಕೊಠಡಿ · ಮಂಗಳವಾರ ರಾತ್ರಿ 9:35

ಒಪ್ಪಿದೆ ಅಕ್ಕಾ. ದರದ ಜಾಗವನ್ನೂ ಬಲಕ್ಕೆ ತಂದರೆ ಎರಡೂ ಕೂಡುತ್ತವೆ.

---

ಶಾಂತಿಸಾಗರ · ಚನ್ನಗಿರಿ · ಬುಧವಾರ ಬೆಳಗ್ಗೆ 6:50

ನಾವು ಅಡಿಕೆ ಕಡೆಯವರು. ಇಂಥದೇ ಒಂದು ಪ್ರೋಗ್ರಾಮ್ ಬಳಸುತ್ತೇವೆ. ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೆಂಪು-ಹಸಿರು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಅಣ್ಣನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಮಣ್ಣಿನ ಬಣ್ಣ ಕಾಣುತ್ತದೆ. ನಮ್ಮ ಅಂಗಡಿಯಲ್ಲಿ ಲೆಕ್ಕ ನೋಡುವುದು ಅವನೇ. ಬಣ್ಣ ಇರಲಿ, ಆದರೆ ಬಣ್ಣ ತೆಗೆದರೂ ವ್ಯತ್ಯಾಸ ಕಾಣಬೇಕು. ಜಾಗ, ಅಳತೆ, ಪದ ಈ ಮೂರು ಬೇರೆ ಇದ್ದರೆ ಅವನಿಗೂ ಗೊತ್ತಾಗುತ್ತದೆ.

---

ಏಳುಸುತ್ತು · ಬುಧವಾರ ಬೆಳಗ್ಗೆ 9:05

ಒಳ್ಳೆಯ ಮಾತು. ಜೊತೆಗೆ, ಟಿಟಿಕೆ (ಟಿಕಿಂಟರ್‌ನ ಹೊಸ ಮಾದರಿಯ) ಬಟನ್‌ಗೆ ವಿಂಡೋಸ್‌ನ ಸ್ವಂತ ಥೀಮ್‌ನಲ್ಲಿ ಹಿನ್ನೆಲೆ ಬಣ್ಣ ಕೊಟ್ಟರೂ ಹಿಡಿಯುವುದಿಲ್ಲ. ಬಟನ್ ಬಿಡಿಸುವುದು ವಿಂಡೋಸೇ. ಬಣ್ಣ ಬೇಕೇ ಬೇಕಾದರೆ ಹಳೆಯ ಟಿಕೆ ಬಟನ್ ಬಳಸಿ.

---

ಜೋಳದಚೀಲ · ಶುಕ್ರವಾರ ರಾತ್ರಿ 10:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಡೆದದ್ದನ್ನು ಪೂರ್ತಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಬುಧವಾರ ಸಂಜೆ ಯಾರ್ಡ್ ಖಾಲಿಯಾದ ಮೇಲೆ ಹನ್ನೊಂದು ಕಾಗದದ ಚೂರು ತೆಗೆದುಕೊಂಡು ಹೋದೆ. ಗುಮಾಸ್ತರು ಮೊದಲು, ‘ನಿನಗೆ ಗೊತ್ತಿರೋ ಹಾಗೆ ಮಾಡಪ್ಪ’ ಅಂದರು. ಅಕ್ಕ ಹೇಳಿದಂತೆ ಸುಮ್ಮನೆ ಕೂತೆ. ಐದು ನಿಮಿಷ ಅವರು ಯಾವುದನ್ನೂ ಮುಟ್ಟಲಿಲ್ಲ. ಆಮೇಲೆ ‘ಹುಡುಕು’ ಚೂರು ತೆಗೆದು ರಟ್ಟಿನ ಮೇಲ್ಭಾಗದಲ್ಲಿ, ರೈತರ ಹೆಸರಿನ ಪಕ್ಕ ಇಟ್ಟರು. ನನಗೆ ಆಶ್ಚರ್ಯ. ಯಾಕೆ ಅಂತ ಕೇಳಿದೆ. ‘ಅದೇ ರೈತರು ಮತ್ತೆ ಬರ್ತಾರೆ. ಮೊದಲು ಹೆಸರು ಇದೆಯಾ ಅಂತ ನೋಡ್ತೀನಿ. ಇಲ್ಲ ಅಂದರೆ ಹೊಸದು’ ಅಂದರು. ಮೂರು ತಿಂಗಳಿಂದ ಅವರ ಕೆಲಸ ಶುರುವಾಗುತ್ತಿದ್ದದ್ದು ಹುಡುಕುವುದರಿಂದ. ನಾನು ಆ ಬಟನ್ ಇಟ್ಟದ್ದು ಆರನೇ ಜಾಗದಲ್ಲಿ!

ಉಳಿಸು, ಮುದ್ರಿಸು ಎರಡು ಚೂರನ್ನು ಒಂದರ ಮೇಲೊಂದು ಇಟ್ಟರು. ಜಾರಿತೇನೋ ಅಂದುಕೊಂಡು ಸರಿಪಡಿಸಲು ಹೋದೆ. ಅವರು ಕೈ ಹಿಡಿದರು. ‘ಉಳಿಸಿದ ಮೇಲೆ ಮುದ್ರಿಸದೆ ಬಿಟ್ಟ ದಿನ ಒಂದೂ ಇಲ್ಲ. ಎರಡು ಸಲ ಯಾಕೆ ಒತ್ತಬೇಕು?’ ಸರಿಯಾದ ಮಾತು. ಈಗ ಅಲ್ಲಿ ‘ಉಳಿಸಿ ಮುದ್ರಿಸು’ ಅಂತ ಒಂದೇ ದೊಡ್ಡ ಬಟನ್.

ಹಿಂದೆ, ಮುಂದೆ, ಬ್ಯಾಕಪ್, ಮುಚ್ಚು, ಈ ನಾಲ್ಕನ್ನೂ ಎತ್ತಿ ನನ್ನ ಕೈಗೇ ಕೊಟ್ಟರು. ಮುಚ್ಚಲು ಮೇಲೆ ಮೂಲೆಯಲ್ಲಿ ಇಂಟು ಗುರುತು ಇದೆಯಲ್ಲ ಅಂದರು. ಬ್ಯಾಕಪ್ ಈಗ ಪ್ರೋಗ್ರಾಮ್ ಮುಚ್ಚುವಾಗ ತಾನೇ ಆಗುತ್ತದೆ. ಹಿಂದೆ-ಮುಂದೆ ತೆಗೆದೆ, ಟೇಬಲ್‌ನಲ್ಲೇ ಸಾಲು ಒತ್ತಬಹುದು. ವರದಿಯನ್ನು ಮೆನುಗೆ ಕಳಿಸಿದೆ. ಅಳಿಸು ಬಟನ್ ಇಲ್ಲ. ಎಣ್ಣೆಗಾಣ ಅಣ್ಣ ಹೇಳಿದಂತೆ ‘ಚೀಟಿ ರದ್ದು’ ಇದೆ. ಅದು ಎಡ ತುದಿಯಲ್ಲಿ ಒಂಟಿಯಾಗಿ ಇದೆ. ಒತ್ತಿದರೆ ಸಾಲು ಬೂದು ಬಣ್ಣಕ್ಕೆ ತಿರುಗುತ್ತದೆ, ಮಾಯ ಆಗುವುದಿಲ್ಲ.

ಹನ್ನೊಂದು ಇದ್ದದ್ದು ಐದಾಯಿತು. ಹುಡುಕು ಮೇಲೆ. ಕೆಳಗೆ ಎಡಕ್ಕೆ ಚೀಟಿ ರದ್ದು, ನಡುವೆ ಖಾಲಿ, ಬಲಕ್ಕೆ ಹೊಸ ಚೀಟಿ, ತಿದ್ದು, ಉಳಿಸಿ ಮುದ್ರಿಸು. ದರದ ಜಾಗ ಕೊನೆಯ ಬಟನ್‌ನ ನೇರ ಮೇಲೆ. ಎಫ್2, ಎಫ್3, ಎಫ್8 ಕೊಟ್ಟು ಬಟನ್ ಮೇಲೂ ಬರೆದಿದ್ದೇನೆ. ರದ್ದಿಗೆ ಬೇಕಂತಲೇ ಕೀ ಕೊಟ್ಟಿಲ್ಲ.

ಇವತ್ತು ಇಡೀ ದಿನ ಅಂಗಡಿಯಲ್ಲೇ ಕೂತು ನೋಡಿದೆ. ಗುಮಾಸ್ತರು ಮೊದಲ ಹತ್ತು ಚೀಟಿ ನಿಧಾನ ಮಾಡಿದರು. ಊಟದ ಹೊತ್ತಿಗೆ ಎಫ್8 ನೋಡದೇ ಒತ್ತುತ್ತಿದ್ದರು. ಒಂದು ಚೀಟಿ ತಪ್ಪಾಗಿ ರದ್ದಾಯಿತು, ಅವರೇ ವಾಪಸ್ ತೆಗೆದರು. ನನ್ನನ್ನು ಕರೆಯಲೂ ಇಲ್ಲ.

ಒಂದೇ ತೊಂದರೆ ಉಳಿದಿದೆ. ‘ಉಳಿಸಿ ಮುದ್ರಿಸು’ ಪಕ್ಕದಲ್ಲಿ ‘ತಿದ್ದು’ ತುಂಬಾ ಪುಟ್ಟದು. ಅಗಲ ಸರಿ ಮಾಡಲು ಪದದ ಉದ್ದ ಎಣಿಸಿ ವಿಡ್ತ್ ಕೊಟ್ಟೆ. ಲೆಕ್ಕ ತಪ್ಪುತ್ತಿದೆ. ಎತ್ತರವೂ ನೋಡಲು ಇಕ್ಕಟ್ಟು.

---

ಎಣ್ಣೆಗಾಣ · ಶುಕ್ರವಾರ ರಾತ್ರಿ 10:50

ತಮ್ಮಾ, ಕನ್ನಡದ ಪದವನ್ನು ಕಂಪ್ಯೂಟರ್ ನಾವು ಎಣಿಸಿದ ಹಾಗೆ ಎಣಿಸುವುದಿಲ್ಲ. ‘ಮುದ್ರಿಸು’ ನಮಗೆ ಮೂರು ಅಕ್ಷರ. ಮು, ದ್ರಿ, ಸು. ಪೈಥಾನ್‌ಗೆ ಅದು 8. ಮ, ಉಕಾರದ ಗುರುತು, ದ, ಅರ್ಧಾಕ್ಷರದ ಗುರುತು, ರ, ಇಕಾರದ ಗುರುತು, ಸ, ಮತ್ತೆ ಉಕಾರ. ಯೂನಿಕೋಡ್‌ನಲ್ಲಿ ಒಂದೊಂದೂ ಬೇರೆ. ಅದರ ಮೇಲೆ, ಟಿಕೆಯ ವಿಡ್ತ್ ಅಂದರೆ ಸೊನ್ನೆ ಅಂಕಿಯ ಅಗಲದ ಲೆಕ್ಕ. ಕನ್ನಡ ಅಕ್ಷರಕ್ಕೂ ಅದಕ್ಕೂ ಸಂಬಂಧ ಇಲ್ಲ. ವಿಡ್ತ್ ಕೊಡುವುದೇ ಬಿಡು.

---

ಏಳುಸುತ್ತು · ಶುಕ್ರವಾರ ರಾತ್ರಿ 11:10

ಹೌದು. ಉದ್ದ ಎಣಿಸಬೇಡಿ, ಯೂನಿಫಾರ್ಮ್‌ಗೆ ಬಿಡಿ. ‘ತಿದ್ದು’, ‘ಹೊಸ ಚೀಟಿ’ ಎರಡನ್ನೂ ಒಂದು ಗುಂಪು ಮಾಡಿ. ‘ಉಳಿಸಿ ಮುದ್ರಿಸು’ ಆ ಗುಂಪಿಗೆ ಸೇರಿಸಬೇಡಿ. ಅದು ದೊಡ್ಡದೇ ಇರಲಿ, ಅದಕ್ಕೆ ಆ ಹಕ್ಕಿದೆ.

ಎತ್ತರಕ್ಕೆ ಒಳಗಿನ ಪ್ಯಾಡಿಂಗ್ (ಬರಹದ ಸುತ್ತ ಬಿಡುವ ಖಾಲಿ ಜಾಗ) ಹೆಚ್ಚಿಸಿ. ವಿಂಡೋಸ್‌ನ ಮಾರ್ಗಸೂಚಿಯಲ್ಲಿ ಬಟನ್ 75 ಪಿಕ್ಸೆಲ್ ಅಗಲ, 23 ಪಿಕ್ಸೆಲ್ ಎತ್ತರ. ಅದು ಇಂಗ್ಲಿಷ್ ಅಕ್ಷರಕ್ಕೆ ಸಾಕು. ನಮಗೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಪ್ಯಾಡಿಂಗ್ ಅನ್ನು ಬರೀ ಅಂಕಿಯಲ್ಲಿ ಕೊಟ್ಟರೆ ಪಿಕ್ಸೆಲ್ ಆಗುತ್ತದೆ. ಅಂಕಿ ಆದ ಮೇಲೆ ಪಾಯಿಂಟ್‌ನ ಗುರುತು ಪಿ ಸೇರಿಸಿ. 4 ಪಾಯಿಂಟ್ ಕೊಟ್ಟು ನೋಡಿ. ಆಗ 125 ಪರ್ಸೆಂಟ್‌ನಲ್ಲಿ ಅಕ್ಷರದ ಜೊತೆ ಅದೂ ಬೆಳೆಯುತ್ತದೆ. ಫಾಂಟ್ ನಿರ್ಮಲಾ ಯುಐ ಇರಲಿ. ವಿಂಡೋಸ್ 8ರಿಂದ ಈಚೆಗೆ ಅದು ಜೊತೆಗೇ ಬರುತ್ತದೆ.

---

ಜೋಳದಚೀಲ · ಶನಿವಾರ ಬೆಳಗ್ಗೆ 8:30

ಅಂಗಡಿಯಿಂದಲೇ ಬರೆಯುತ್ತಿದ್ದೇನೆ. 4 ಪಾಯಿಂಟ್ ಸಾಲಲಿಲ್ಲ, 6 ಕೊಟ್ಟೆ. ರ ಒತ್ತು ಪೂರ್ತಿ ಕಾಣುತ್ತಿದೆ. ಗುಮಾಸ್ತರು ಪರದೆ ಹತ್ತಿರ ಬಂದು ನೋಡಿ, ‘ಈಗ ಕನ್ನಡ ಕನ್ನಡದ ಹಾಗಿದೆ’ ಅಂದರು. ಹೊರಗೆ ಎರಡು ಟ್ರ್ಯಾಕ್ಟರ್ ಬಂದು ನಿಂತಿವೆ. ಮೊದಲನೆಯದು ಜಗಳೂರು ಕಡೆಯದೇ. ಹೆಸರು ಹುಡುಕುತ್ತಿದ್ದಾರೆ.